ರಾಶಿ ಅದೇ, ಅಳೆಯುವ ಪಾವು ಬೇರೆ

ಥೈರಾಯ್ಡ್ ಮಾತ್ರೆಯ ಡಬ್ಬಿಯ ಮೇಲೆ '50 ಎಂಸಿಜಿ' ಎಂದಿರುತ್ತದೆ. ಅದನ್ನು ಯಾರಾದರೂ '50 ಎಂಜಿ' ಎಂದು ಓದಿದರೆ ನನ್ನ ಎದೆ ಝಲ್ಲೆನ್ನುತ್ತದೆ. ಮೊದಲನೆಯದು ಮೈಕ್ರೋಗ್ರಾಂ, ಎರಡನೆಯದು ಮಿಲಿಗ್ರಾಂ. 50 ಮಿಲಿಗ್ರಾಂ ಆಗಲು ಅಂಥ ಸಾವಿರ ಮಾತ್ರೆ ಬೇಕು! ಮೈಕ್ರೋಗೆ ನಿಜವಾದ ಗುರುತು 'ಮ್ಯೂ' ಎಂಬ ಗ್ರೀಕ್ ಅಕ್ಷರ. ಅವಸರದ ಕೈಬರಹದಲ್ಲಿ ಅದು 'ಎಂ' ಆಗಿಬಿಡುತ್ತದೆಂದೇ ಔಷಧಿಗಳಲ್ಲಿ ಎಂಸಿಜಿ ಎಂದು ಬಿಡಿಸಿ ಬರೆಯುತ್ತಾರೆ.

ಸಾವಿರದ ಲೆಕ್ಕ ಎಲ್ಲರಿಗೂ ಗೊತ್ತು. ಒಂದು ಏಕಮಾನದಿಂದ ಇನ್ನೊಂದಕ್ಕೆ ಹೋಗುವಾಗ ಗುಣಿಸಬೇಕೋ ಭಾಗಿಸಬೇಕೋ ಎಂಬಲ್ಲಿ ಎಡವುತ್ತೇವೆ. ಸಣ್ಣ ಏಕಮಾನಕ್ಕೆ ಇಳಿದರೆ ಸಂಖ್ಯೆಯೂ ಇಳಿಯಬೇಕಲ್ಲವೇ ಎಂದು ಮನಸ್ಸು ಹೇಳುತ್ತದೆ. ಆಗ ಕಣದಲ್ಲಿರುವ ರಾಗಿ ರಾಶಿಯನ್ನು ನೆನೆಯಿರಿ. ಕೊಳಗದಲ್ಲಿ ಅಳೆದರೆ ಬೇಗ ಮುಗಿಯುತ್ತದೆ. ಸೇರಿನಲ್ಲಿ ಅಳೆದರೆ ಎಣಿಕೆ ಏರುತ್ತದೆ. ಪಾವು ಹಿಡಿದು ಕೂತರೆ ಹೊತ್ತು ಮುಳುಗಿದರೂ ಮುಗಿಯದು. ರಾಶಿಗೆ ಒಂದು ಕಾಳೂ ಹೆಚ್ಚು ಬಿದ್ದಿಲ್ಲ. 500ರ ನೋಟನ್ನು ಹತ್ತರ ನಾಣ್ಯಗಳಾಗಿ ಮುರಿಸಿದರೆ ಕೈತುಂಬ 50 ನಾಣ್ಯ, ದುಡ್ಡು ಅಷ್ಟೇ. ಕೊಡದ ನೀರನ್ನು ಲೋಟಕ್ಕೆ ಬಗ್ಗಿಸಿದರೂ ಹೀಗೇ. ಅಳತೆ ಕಿರಿದಾದಷ್ಟೂ ಎಣಿಕೆ ಹಿರಿದು: 2.5 ಕಿಲೋ ಎಂದರೆ 2,500 ಗ್ರಾಂ, 25,00,000 ಮಿಲಿಗ್ರಾಂ. ದೊಡ್ಡ ಏಕಮಾನಕ್ಕೆ ಹಿಂದಕ್ಕೆ ಹತ್ತುವಾಗ ದಶಮಾಂಶ ಬಿಂದು ಮೆಟ್ಟಿಲಿಗೆ ಮೂರು ಮನೆ ಎಡಕ್ಕೆ ಸರಿಯುತ್ತದೆ. ಆ ಥೈರಾಯ್ಡ್ ಮಾತ್ರೆ 0.05 ಮಿಲಿಗ್ರಾಂ.

ಬಿಂದು ಸರಿಸಿದರೆ ಸಾಕು ಎಂಬ ಈ ಸುಖ ನಮ್ಮ ಅಜ್ಜಂದಿರಿಗೆ ಇರಲಿಲ್ಲ. ಸರ್ಕಾರಿ ಲೆಕ್ಕದಲ್ಲಿ 80 ತೊಲಕ್ಕೊಂದು ಸೇರು, 40 ಸೇರಿಗೊಂದು ಮಣ. ಅದರ ಮೇಲೆ ಸೀಮೆಗೊಂದು ಸೇರು. ತೊಲ ಸುಮಾರು 11.66 ಗ್ರಾಂ, ಮಣ 37.3 ಕಿಲೋ. 1957ರ ಏಪ್ರಿಲ್‌ನಲ್ಲಿ ರೂಪಾಯಿಗೆ ನೂರು ನಯಾ ಪೈಸೆ ಬಂತು. ಮರುವರ್ಷ ಅಕ್ಟೋಬರ್‌ನಿಂದ ತಕ್ಕಡಿಗೂ ದಶಮಾನ ಪದ್ಧತಿ ಬರತೊಡಗಿತು.

ಇದರ ಬೇರು ಫ್ರಾನ್ಸ್‌ನಲ್ಲಿದೆ. 1795ರ ಕಾನೂನು ಒಂದು ಘನ ಸೆಂಟಿಮೀಟರ್ ತಣ್ಣೀರಿನ ತೂಕವನ್ನು ಗ್ರಾಂ ಎಂದು ಕರೆಯಿತು. ಅಷ್ಟು ಪುಟ್ಟ ಮಾದರಿ ಕೆಲಸಕ್ಕೆ ಬಾರದು. 1799ರಲ್ಲಿ ಅದರ ಸಾವಿರ ಪಟ್ಟು ತೂಕದ ಪ್ಲಾಟಿನಂ ಉರುಳೆ ಮಾಡಿಟ್ಟರು. ಮೂಲ ಏಕಮಾನದ ಹೆಸರಿನಲ್ಲೇ 'ಕಿಲೋ' ಅಂಟಿಕೊಂಡದ್ದು ಹೀಗೆ. 2019ರ ಮೇ 20ರಿಂದ ಕಿಲೋಗ್ರಾಂ ಯಾವ ಲೋಹದ ತುಂಡನ್ನೂ ನೆಚ್ಚಿಲ್ಲ, ಪ್ಲಾಂಕ್ ಸ್ಥಿರಾಂಕ ಎಂಬ, ಎಂದೂ ಬದಲಾಗದ ಭೌತಶಾಸ್ತ್ರದ ಬೆಲೆಯ ಮೇಲೆ ನಿಂತಿದೆ. ಹೆಸರು ಮಾತ್ರ ಹಳೆಯದೇ.

ಅಡಿಕೆ ಮಂಡಿಯಲ್ಲಿ ಇನ್ನೊಂದು ಎಚ್ಚರ ಬೇಕು. ಕ್ವಿಂಟಲ್ ಎಂದರೆ ಸಾವಿರವಲ್ಲ, 100 ಕಿಲೋ. ಜೊತೆಗೆ ದರದ ಲೆಕ್ಕ ಹಿಮ್ಮುಖವಾಗಿ ನಡೆಯುತ್ತದೆ: ತೂಕದ ಅಂಕಿ ಏರುವ ಕಡೆ ದರದ ಅಂಕಿ ಇಳಿಯುತ್ತದೆ. ಕ್ವಿಂಟಲ್‌ಗೆ 48,000 ರೂಪಾಯಿ ಎಂದಿಟ್ಟುಕೊಂಡರೆ ಕಿಲೋಗೆ 480, ಗ್ರಾಂಗೆ 48 ಪೈಸೆ.