ಹಿತ್ತಲ ರೆಡ್‌ವುಡ್‌ಗೆ ಬೇಸಿಗೆಯಲ್ಲಿ ನೀರೆಲ್ಲಿಂದ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ, ಫ್ರೀಮಾಂಟ್ ಕಡೆ ಹೊಸದಾಗಿ ಮನೆ ಕೊಂಡ ನಮ್ಮವರು ಮೊದಲು ಕೇಳುವುದು ಹೆಚ್ಚಾಗಿ ಇದನ್ನೇ: ಹಿಂದಿನ ಮನೆಯವರ ಕಿಟಕಿಯಿಂದ ನಮ್ಮ ಹಿತ್ತಲೆಲ್ಲ ಕಾಣುತ್ತದೆ, ಬೇಗ ಬೆಳೆದು ಮರೆ ಮಾಡುವ ಮರ ಯಾವುದು? ಅಷ್ಟರಲ್ಲಿ ನರ್ಸರಿಯವರು ಮುಗಿಲೆತ್ತರ ಬೆಳೆಯುವ, ಸದಾ ಹಸಿರಾಗಿರುವ ರೆಡ್‌ವುಡ್ ತೋರಿಸಿರುತ್ತಾರೆ. ಅದು ತಪ್ಪು ಸಲಹೆಯೇನಲ್ಲ. ನೀರು, ಬಿಸಿಲು ಎರಡೂ ದಂಡಿಯಾಗಿ ಸಿಕ್ಕರೆ ಎಳೆಯ ಕೋಸ್ಟ್ ರೆಡ್‌ವುಡ್ ವರ್ಷಕ್ಕೆ 3ರಿಂದ 5 ಅಡಿ ಏರುತ್ತದೆ. ಇಲ್ಲಿ ಮಳೆ ಅಪರೂಪವಾದ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಯೋಚಿಸಬೇಕು.

ಈ ಮರದ ತವರು ಒರೆಗಾನ್‌ನ ನೈಋತ್ಯ ಮೂಲೆಯಿಂದ ಕ್ಯಾಲಿಫೋರ್ನಿಯಾದ ಬಿಗ್ ಸರ್‌ವರೆಗಿನ ಕಿರಿದಾದ ಕರಾವಳಿ ಪಟ್ಟಿ. ಅಲ್ಲಿಯೂ ಮಳೆ ಸುರಿಯುವುದು ಚಳಿಗಾಲದಲ್ಲೇ. ಬೇಸಿಗೆಯಲ್ಲಿ ಕೈಹಿಡಿಯುವುದು ಕಡಲಿನ ಮಂಜು. ಅದು ಎಲೆಗೆ ತಾಗಿ ಹನಿಯಾಗಿ ಬುಡಕ್ಕೆ ತೊಟ್ಟಿಕ್ಕುತ್ತದೆ, ಎಲೆಯೂ ಒಂದಿಷ್ಟು ಹೀರಿಕೊಳ್ಳುತ್ತದೆ. ಉತ್ತರ ಕ್ಯಾಲಿಫೋರ್ನಿಯಾದ ಒಂದು ರೆಡ್‌ವುಡ್ ಕಾಡಿನಲ್ಲಿ ಅಳೆದಾಗ, ವರ್ಷದ ನೀರಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಂಜಿನದೇ ಆಗಿತ್ತು. ಸ್ಯಾನ್ ಹೊಸೆಗೆ ಆ ಮಂಜಿನ ಆಸರೆ ಇಲ್ಲ, ವರ್ಷದ ಮಳೆಯೂ 15 ಇಂಚಿನ ಆಸುಪಾಸು. ಪಾಲೋ ಆಲ್ಟೋ ಊರಿಗೆ ಹೆಸರು ಕೊಟ್ಟ, ಸಾವಿರ ವರ್ಷ ದಾಟಿದ ರೆಡ್‌ವುಡ್ ಸೊರಗಿದಾಗ ಕಾಂಡಕ್ಕೆ ಪೈಪ್ ಹತ್ತಿಸಿ ಮೇಲಿನಿಂದ ನೀರು ಸಿಂಪಡಿಸಬೇಕಾಯಿತು.

ರೆಡ್‌ವುಡ್‌ಗೆ ತಾಯಿಬೇರಿಲ್ಲ. ಬೇರುಗಳು ಮೇಲ್ಮಣ್ಣಿನಲ್ಲೇ ಬಲು ದೂರ ಹರಡುತ್ತವೆ. ಹಾಗಾಗಿ ದೊಡ್ಡ ಮರಕ್ಕೆ ಬುಡದಲ್ಲಿ ಎರಡು ಡ್ರಿಪ್ ಇಟ್ಟು ಕೈತೊಳೆದುಕೊಂಡರೆ ಸಾಲದು. ಕೊಂಬೆ ಚಾಚಿದಷ್ಟು ಅಗಲಕ್ಕೂ ನಿಧಾನವಾಗಿ ನೀರುಣಿಸಿ, ಮಾರನೆಯ ದಿನ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಂದು ಗೇಣು ಇಳಿಯದಿದ್ದರೆ ನೀರು ಸಾಲಲಿಲ್ಲವೆಂದೇ ಅರ್ಥ.

ಶರತ್ಕಾಲದಲ್ಲಿ ಒಳಗಿನ ಹಳೆಯ ಕಿರುಕೊಂಬೆಗಳು ಕಂದಾಗಿ ಉದುರುವುದು ಸಹಜ, ಗಾಬರಿ ಬೇಡ. ಹೊರಗಿನ ಹೊಸ ಚಿಗುರಿನ ತುದಿ ಸುಟ್ಟಂತಾದರೆ, ನೆತ್ತಿ ತೆಳುವಾದರೆ ಮಾತ್ರ ಚಿಂತಿಸಬೇಕು. ಕಾರಣ ಬಾಯಾರಿಕೆ ಇರಬಹುದು, ಉಪ್ಪೂ ಇರಬಹುದು. ಈ ಮರ ಉಪ್ಪು ತಾಳುವುದಿಲ್ಲ. ರೀಸೈಕಲ್ಡ್ ನೀರಿನಲ್ಲಿ, ಅಂದರೆ ಶುದ್ಧೀಕರಿಸಿದ ಚರಂಡಿ ನೀರಿನಲ್ಲಿ, ಉಪ್ಪಿನಂಶ ಹೆಚ್ಚು; ಅದನ್ನು ಹಾಯಿಸುವ ಬಡಾವಣೆಗಳಲ್ಲಿ ಇದನ್ನು ನೆಡಲು ನಾನಂತೂ ಹೇಳುವುದಿಲ್ಲ.

ಮನೆಯ ಗೋಡೆ, ಸೂಯರ್ ಲೈನ್, ಬೇಲಿ ಎಲ್ಲದರಿಂದಲೂ 25 ಅಡಿಯಾದರೂ ದೂರವಿರಲಿ. ಅಷ್ಟು ಜಾಗವಿಲ್ಲದ ಹಿತ್ತಲಿಗೆ ರೆಡ್‌ವುಡ್ ಬೇಡವೇ ಬೇಡ. ಎತ್ತರವಾದ ಮೇಲೆ ತಲೆ ಕಡಿಸಿದರಾಯಿತು ಎನ್ನುವವರಿದ್ದಾರೆ. ಕಡಿದಲ್ಲಿಂದ ಹಲವು ತುದಿಗಳು ಪೈಪೋಟಿಗೆ ಬಿದ್ದು ಮೇಲೇಳುತ್ತವೆ, ಅವುಗಳ ಹಿಡಿತ ಸಡಿಲ, ಗಾಳಿಗೆ ಮುರಿಯುತ್ತವೆ. ಪೂರ್ತಿ ತೆಗೆಸಲು ಹೋದರೆ ಹಲವು ನಗರಗಳಲ್ಲಿ ಪರವಾನಗಿ ಬೇಕು. ಪಕ್ಕದವರ ಸೋಲಾರ್ ಫಲಕಗಳತ್ತಲೂ ಒಮ್ಮೆ ಕಣ್ಣುಹಾಯಿಸಿ. ಪಕ್ಕದವರ ಫಲಕಕ್ಕೆ ಮರದ ನೆರಳು ಬೀಳದಂತೆ ತಡೆಯುವ ಕ್ಯಾಲಿಫೋರ್ನಿಯಾದ 1978ರ ಕಾನೂನಿಗೆ 2008ರಲ್ಲಿ ತಿದ್ದುಪಡಿಯಾಗಿ, ಫಲಕಕ್ಕಿಂತ ಮೊದಲೇ ನೆಟ್ಟ ಮರಕ್ಕೆ ರಕ್ಷಣೆ ಸಿಕ್ಕಿದೆ. ಆಮೇಲೆ ನೆಟ್ಟದ್ದಕ್ಕೆ ಅದಿಲ್ಲ.

ಬೇಲಿಯ ಮೇಲಿನ ನೋಟಕ್ಕಷ್ಟೇ ಮರೆ ಸಾಕೆನ್ನುವವರಿಗೆ ಟೊಯಾನ್ ಒಳ್ಳೆಯದು. ಇಲ್ಲಿನದೇ ಗಿಡ, ಸದಾ ಹಸಿರು, ಬೇರೂರಿದ ಮೇಲೆ ಹೆಚ್ಚು ನೀರು ಕೇಳುವುದಿಲ್ಲ.

ಜಾಗವೂ ನೀರೂ ಇದ್ದವರು ಖಂಡಿತ ರೆಡ್‌ವುಡ್ ನೆಡಿ. ಬೀಜದ ಸಸಿಗಳು ಒಂದರಂತೆ ಒಂದು ಬರುವುದಿಲ್ಲ, ಆಪ್ಟೋಸ್ ಬ್ಲೂ ಅಥವಾ ಸೊಕೆಲ್‌ನಂಥ ಹೆಸರಿರುವ ತಳಿ ಕೇಳಿ ತನ್ನಿ. ಜೂನ್‌ನಲ್ಲಿ ನೆಟ್ಟು ಮಳೆಗೆ ಬಿಡುವ ಊರಿನ ರೂಢಿ ಇಲ್ಲಿ ನಡೆಯದು, ಮಳೆ ಶುರುವಾಗುವ ನವೆಂಬರ್ ಒಳ್ಳೆಯ ಹೊತ್ತು. ಬುಡದಲ್ಲಿ ಲಾನ್ ಬೇಡ. ಉದುರಿದ ಎಲೆಯನ್ನು ಗುಡಿಸದೆ ಅಲ್ಲೇ ಬಿಡಿ, ಕಾಂಡಕ್ಕೆ ಮಾತ್ರ ಒತ್ತಿ ರಾಶಿ ಹಾಕಬೇಡಿ.