ಅರ್ಧ ತಾಸಿನ ಮುಹೂರ್ತ

ಬೆಳಗಾವಿಯ ಯಾವುದಾದರೂ ಜಿಮ್ಮಿನ ಬಾಗಿಲಲ್ಲಿ ಸಂಜೆ ಏಳಕ್ಕೆ ನಿಂತು ನೋಡಿ. ಕೊನೆಯ ಸೆಟ್ಟಿನ ಬಾರ್ ಕೆಳಗಿಟ್ಟು ಬೆವರು ಒರೆಸಿಕೊಳ್ಳುವ ಮೊದಲೇ ಹುಡುಗರು ಶೇಕರ್ ಗಲಗಲ ಅಲ್ಲಾಡಿಸುತ್ತಿರುತ್ತಾರೆ. ಅರ್ಧ ತಾಸಿನೊಳಗೆ ಪ್ರೋಟೀನ್ ಹೊಟ್ಟೆಗೆ ಬೀಳದಿದ್ದರೆ ಎತ್ತಿದ್ದೆಲ್ಲ ನೀರಪಾಲಂತೆ! ಅಮಾವಾಸ್ಯೆ ದಿನ ಪ್ರಯಾಣ ಬೇಡವೆನ್ನುವ ಅಜ್ಜಿಯನ್ನು ನೋಡಿ ನಗುವವರೂ ಈ ಮುಹೂರ್ತ ಮಾತ್ರ ತಪ್ಪಿಸುವುದಿಲ್ಲ.

ವಿಜಯಪುರದ ರೈತರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತಿದೆ: ಹದ. ಹಿಂಗಾರಿ ಬಿಳಿಜೋಳ ಬಿತ್ತುವವರು ಮಳೆ ನಿಂತ ಗಳಿಗೆಗೇ ಕೂರಿಗೆ ಹೂಡುವುದಿಲ್ಲ. ಎರೆಮಣ್ಣು ಹಸಿಯನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಭಾರ ಎತ್ತಿದ ಸ್ನಾಯುವೂ ಎರೆ ಹೊಲದ ಜಾತಿಯೇ. ಕೆನಡಾದ ಸಂಶೋಧಕರು 1995ರಲ್ಲಿ ತೋಳಿನ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ವೇಗ ಅಳೆದರು. ವ್ಯಾಯಾಮವಾಗಿ 4 ತಾಸಿಗೆ ಅದು ಒಂದೂವರೆ ಪಟ್ಟಾಗಿತ್ತು, 24 ತಾಸಿಗೆ ದುಪ್ಪಟ್ಟು ದಾಟಿತ್ತು, 36 ತಾಸಿನ ಹೊತ್ತಿಗೆ ಮೊದಲಿನ ಮಟ್ಟದ ಹತ್ತಿರ ಇಳಿದಿತ್ತು. ಇಷ್ಟು ಉದ್ದದ ಹದದಲ್ಲಿ ಅರ್ಧ ತಾಸು ಯಾವ ಲೆಕ್ಕ?

ಈ ಹದ ತರುವುದು ಎಂ-ಟಾರ್ ಎಂಬ ಪ್ರೋಟೀನ್. ಕೋಶದೊಳಗಿನ ಮೇಸ್ತ್ರಿ ಎನ್ನಿ. ಇಟ್ಟಿಗೆ ಬಂದು ಬಿದ್ದಿದೆ ಎಂಬ ಸುದ್ದಿ ಅವನಿಗೆ ಊಟದ ಪ್ರೋಟೀನ್ ಒಡೆದು ಸಿಗುವ ಅಮೈನೋ ಆಮ್ಲಗಳಿಂದ, ಮುಖ್ಯವಾಗಿ ಲ್ಯೂಸಿನ್‌ನಿಂದ ಸಿಗುತ್ತದೆ. ಗೋಡೆ ಎಲ್ಲಿ ಕಟ್ಟಬೇಕೆಂಬ ಸುದ್ದಿ ಸ್ನಾಯುವಿನ ಮೇಲೆ ಬಿದ್ದ ಎಳೆತದಿಂದ. ಬರೀ ಇಟ್ಟಿಗೆ ಬಂದರೆ ಎರಡು-ಮೂರು ತಾಸು ದುಡಿದು ಗೌಂಡಿಗಳನ್ನು ಮನೆಗೆ ಕಳಿಸಿಬಿಡುತ್ತಾನೆ. ಎಳೆತವೂ ಸೇರಿದರೆ ಮರುದಿನದವರೆಗೂ, ಇಟ್ಟಿಗೆಯ ಗಾಡಿ ಬಂದಾಗಲೆಲ್ಲ, ಕೆಲಸ ಹೆಚ್ಚು. ಮೇಸ್ತ್ರಿ ಬೇಡವೆಂದರೆ ಆಲಮಟ್ಟಿಯ ಕಾಲುವೆ ಅಂದುಕೊಳ್ಳಿ: ವ್ಯಾಯಾಮ ತೂಬು ಎತ್ತುತ್ತದೆ, ಊಟ ನೀರು ಬಿಡುತ್ತದೆ. ಎಂ-ಟಾರ್ ಎಂಬ ಹೆಸರಿನ ಹಿಂದೊಂದು ಸೊಗಸಾದ ಕತೆಯಿದೆ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ರಾಪಾ ನುಯಿ ದ್ವೀಪದಿಂದ ಮಣ್ಣು ತಂದಿತು. ಅದರಲ್ಲಿದ್ದ ಬ್ಯಾಕ್ಟೀರಿಯಾದಿಂದ ರಾಪಾಮೈಸಿನ್ ಎಂಬ ಔಷಧ ಸಿಕ್ಕಿತು. ಆ ಔಷಧ ಹೋಗಿ ಕೂರುವ ಗುರಿಯೇ ಟಾರ್ (ಟಾರ್ಗೆಟ್ ಆಫ್ ರಾಪಾಮೈಸಿನ್). 2009ರ ಪ್ರಯೋಗವೊಂದರಲ್ಲಿ ಜನರಿಗೆ ರಾಪಾಮೈಸಿನ್ ಕೊಟ್ಟು ಕಾಲಿನ ವ್ಯಾಯಾಮ ಮಾಡಿಸಿದರು. ಪ್ರೋಟೀನ್ ಕಟ್ಟುವ ವೇಗ ಏರಲೇ ಇಲ್ಲ. ಮೇಸ್ತ್ರಿಯ ಕೈ ಕಟ್ಟಿದಂತಾಗಿತ್ತು.

ಹಾಗಾಗಿ ಗಡಿಯಾರಕ್ಕಿಂತ ದಿನದ ಮೊತ್ತ ದೊಡ್ಡದು. ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್; ಅದಕ್ಕಿಂತ ಮೇಲೆ ಲಾಭ ತೀರಾ ಕಡಿಮೆ. 65 ಕಿಲೋದವರಿಗೆ ದಿನಕ್ಕೆ 104 ಗ್ರಾಂ, ನಾಲ್ಕು ಹೊತ್ತಿಗೆ ಹಂಚಿದರೆ ಹೊತ್ತಿಗೆ 26. (ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಈ ಲೆಕ್ಕ ಹಿಡಿಯಬಾರದು.)

ಈಗ ತಾಟು ನೋಡೋಣ. 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 6 ಗ್ರಾಂ. ಎರಡು ರೊಟ್ಟಿ, 40 ಗ್ರಾಂ ಒಣ ಮಡಕಿ ಕಾಳಿನ ಪಲ್ಯ, 200 ಗ್ರಾಂ ಮೊಸರು ಸೇರಿದರೆ 27ರ ಆಸುಪಾಸು. ಜೋಳದಲ್ಲಿ ಲ್ಯೂಸಿನ್ ಧಾರಾಳ, ಇನ್ನೊಂದು ಅಮೈನೋ ಆಮ್ಲವಾದ ಲೈಸಿನ್ ಕೊರತೆ. ಕಾಳಿನಲ್ಲಿ ಲೈಸಿನ್ ಚೆನ್ನಾಗಿದೆ. ಆದರೆ ಜೋಳದ ಪ್ರೋಟೀನ್ ನೀರಲ್ಲಿ ಬೆಂದಾಗ ತನ್ನಲ್ಲೇ ಹೆಣೆದುಕೊಂಡು ಜೀರ್ಣಕ್ಕೆ ಬಿಗಿಯಾಗುತ್ತದೆ. ಅದಕ್ಕೇ ಕಾಗದದ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಬೇಕು: ಒಂದು ಮೊಟ್ಟೆ (6 ಗ್ರಾಂ) ಅಥವಾ ಒಂದು ಹಿಡಿ ಸೋಯಾ. ಶೇಂಗಾ ಹಿಂಡಿಯನ್ನು (ಚಟ್ನಿಪುಡಿಯನ್ನು) ಪ್ರೋಟೀನ್ ಖಾತೆಗೆ ಬರೆಯಬೇಡಿ. ನೂರು ಗ್ರಾಂ ಶೇಂಗಾದಲ್ಲಿ ಪ್ರೋಟೀನ್ 25, ಎಣ್ಣೆ ಅದರ ಹೆಚ್ಚುಕಡಿಮೆ ಎರಡರಷ್ಟು.

ತಾಲೀಮಿನ ಹಳೆಯ ಚಟ, ಹಾಲಿಗೆ ಹಸಿ ಮೊಟ್ಟೆ ಒಡೆದು ಕುಡಿಯುವುದು, ಬಿಟ್ಟರೆ ಒಳ್ಳೆಯದು. 1998ರ ಬೆಲ್ಜಿಯಂ ಅಧ್ಯಯನದಲ್ಲಿ ಬೇಯಿಸಿದ ಮೊಟ್ಟೆಯ ಪ್ರೋಟೀನ್ ಶೇ 91ರಷ್ಟು ಜೀರ್ಣವಾದರೆ, ಹಸಿಯದ್ದು ಶೇ 51 ಮಾತ್ರ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ.

ವ್ಯಾಯಾಮಕ್ಕೆ ಮುಂಚಿನ ಊಟದ್ದು ಬೇರೆಯೇ ಸಮಸ್ಯೆ: ಜಠರ ಖಾಲಿಯಾಗುವ ವೇಗ. ಜಿಡ್ಡು ಸಣ್ಣಕರುಳು ಮುಟ್ಟಿದ ಕೂಡಲೇ ಹಾರ್ಮೋನೊಂದು ಹೊರಟು, ಜಠರಕ್ಕೆ ನಿಧಾನಿಸು ಎಂದು ಹೇಳುತ್ತದೆ. ಸ್ಕ್ವಾಟ್ ಮಾಡುವಾಗ ಉಸಿರು ಬಿಗಿಹಿಡಿದರೆ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ತುಪ್ಪ, ಅಂಟು, ಒಣಹಣ್ಣಿನ ಅಮೀನಗಡ ಕರದಂಟು ತಿಂದು ಇಪ್ಪತ್ತು ನಿಮಿಷಕ್ಕೆ ಬಾರ್ ಹೊತ್ತವರಿಗೆ ಮೂರನೆಯ ಸೆಟ್ಟಿನಲ್ಲಿ ಎದೆಗೆ ಹುಳಿ ಬರುವುದು ಹೀಗೆ. ರೊಟ್ಟಿ ಊಟವಾದರೆ ಮೂರು ತಾಸು ಮೊದಲೇ ಮುಗಿಸಿ. ಒಂದು ತಾಸಷ್ಟೇ ಉಳಿದಿದ್ದರೆ ಎರಡು ಬಾಳೆಹಣ್ಣು ಸಾಕು.

ನಸುಕಿನಲ್ಲೇ ಎತ್ತುವವರು ಖಾಲಿ ಹೊಟ್ಟೆಗೆ ಹೆದರಬೇಕಿಲ್ಲ. ರಾತ್ರಿಯಿಡೀ ಖರ್ಚಾಗುವುದು ಬಹುಪಾಲು ಯಕೃತ್ತಿನ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ. ತೊಡೆಯದ್ದು ತೊಡೆಯಲ್ಲೇ ಇರುತ್ತದೆ. ಆದರೆ ಹತ್ತು ತಾಸಿನಿಂದ ಇಟ್ಟಿಗೆಯ ಗಾಡಿ ಬಂದಿಲ್ಲವಲ್ಲ, ತಿಂಡಿಗೆ ಅವಸರ ಮಾಡಬೇಕಾದವರು ಇವರೇ. ರಾತ್ರಿ ಎಂಟಕ್ಕೆ ಜಿಮ್ ಮುಗಿಸಿ ಒಂಬತ್ತೂವರೆಗೆ ಉಣ್ಣುವವರು ನಿಧಾನವಾಗಿ ಮನೆಗೆ ಹೋಗಲಿ.