ವಿಂಡೋಸ್ ಎಕ್ಸ್‌ಪಿ ಸ್ಕ್ರೀನ್ ಮೇಲಿದ್ದ ಆ ಹಸಿರು ಗುಡ್ಡ ಎಲ್ಲಿದೆ, ಮತ್ತೆ ಅಲ್ಲಿ ದ್ರಾಕ್ಷಿ ಬಳ್ಳಿ ಯಾಕಿರ್ಲಿಲ್ಲ

2004ರಲ್ಲಿ ಹಾಸನದ ಬಸ್ ಸ್ಟ್ಯಾಂಡ್ ಹತ್ರ ನಾನು ಹೋಗ್ತಿದ್ದ ಒಂದು ಸೈಬರ್ ಸೆಂಟರ್ ಇತ್ತು, ಗಂಟೆಗೆ ಇಪ್ಪತ್ತು ರೂಪಾಯಿ, ಪ್ಲೈವುಡ್ ಕ್ಯಾಬಿನ್ನು, ದಪ್ಪ ಮಾನಿಟರ್ರು. ಅದನ್ನ ನೋಡ್ಕೊಳ್ತಿದ್ದ ಅಣ್ಣ, ಮೈಕ್ರೋಸಾಫ್ಟ್‌ನ ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್ ಆನ್ ಮಾಡಿದ್ರೆ ಸ್ಕ್ರೀನ್ ಮೇಲೆ ಬರ್ತಿದ್ದ ಹಸಿರು ಗುಡ್ಡದ ಫೋಟೋ ತೋರಿಸಿ "ಇದು ನಮ್ಮ ಕುದುರೆಮುಖ ಕಣೋ, ಮಳೆ ನಿಂತ ತಕ್ಷಣ ಹೋದ್ರೆ ಹಿಂಗೇ ಕಾಣುತ್ತೆ" ಅಂತ ಹೇಳಿದ್ರು, ನಾನು ತುಂಬಾ ವರ್ಷ ಅದನ್ನೇ ನಂಬಿದ್ದೆ. ಹಂಗೆ ನಂಬಿದವರು ಪ್ರಪಂಚದಲ್ಲೆಲ್ಲಾ ಇದ್ರು ಅಂತ ಆಮೇಲೆ ಗೊತ್ತಾಯ್ತು. ಐರ್ಲೆಂಡ್ ಅಂದವರಿದ್ರು, ಸ್ವಿಟ್ಜರ್ಲೆಂಡ್ ಅಂದವರಿದ್ರು, ನ್ಯೂಜಿಲೆಂಡ್ ಅಂತ ವಾದ ಮಾಡಿದವರೂ ಇದ್ರು. ಮೈಕ್ರೋಸಾಫ್ಟ್ ಬೇರೆ ಡಚ್ ಭಾಷೆಯ ಎಕ್ಸ್‌ಪಿಯಲ್ಲಿ ಇದೇ ಫೋಟೋಗೆ ಐರ್ಲೆಂಡ್ ಅಂತ ಹೆಸರಿಟ್ಟಿತ್ತು, ಪೋರ್ಚುಗೀಸ್ ಎಕ್ಸ್‌ಪಿಯಲ್ಲಿ ಅಲೆಂಟೆಜೊ ಅಂತ, ಅದು ಪೋರ್ಚುಗಲ್‌ನ ಒಂದು ಪ್ರಾಂತ್ಯ. ಕಂಪನಿನೇ ಹಂಗೆ ಹೆಸರಿಟ್ಟ ಮೇಲೆ ಜನ ಇನ್ನೇನು ಮಾಡ್ತಾರೆ.

ಆ ಗುಡ್ಡ ಇರೋದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸೊನೋಮಾ ಕೌಂಟಿಯಲ್ಲಿ. ನಾಪಾ ಕಡೆಯಿಂದ ಸೊನೋಮಾ ಕಡೆಗೆ ಹೋಗೋ 12/121 ಹೈವೇ ಪಕ್ಕದಲ್ಲೇ. ಕಾರಲ್ಲಿ ಹೋಗ್ತಾ ಇದ್ರೆ ಎರಡು ಸೆಕೆಂಡಲ್ಲಿ ದಾಟಿ ಹೋಗೋ ಅಷ್ಟು ಸಾಮಾನ್ಯ ಗುಡ್ಡ.

ಫೋಟೋ ತೆಗೆದವರು ಚಾರ್ಲ್ಸ್ ಓ'ರಿಯರ್, ನ್ಯಾಷನಲ್ ಜಿಯೋಗ್ರಾಫಿಕ್‌ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. 1996ರ ಜನವರಿ, ಶುಕ್ರವಾರ ಮಧ್ಯಾಹ್ನ, ನಾಪಾ ಕಡೆಯ ಸೇಂಟ್ ಹೆಲೆನಾ ಊರಿನ ತಮ್ಮ ಮನೆಯಿಂದ ಮರಿನ್ ಕೌಂಟಿಯಲ್ಲಿದ್ದ ಗೆಳತಿನ ನೋಡೋಕೆ ಹೊರಟಿದ್ರು. ಆಗ ತಾನೇ ಮಳೆ ಬಂದು ಹೋಗಿತ್ತು, ಹುಲ್ಲು ತೊಳೆದಿಟ್ಟ ಹಂಗಿತ್ತು, ಗಾಡಿ ನಿಲ್ಸಿ ಟ್ರೈಪಾಡ್ ಹಾಕಿ ಮಾಮಿಯಾ ಆರ್‌ಝಡ್67 ಕ್ಯಾಮೆರಾ ಕೂರಿಸೋ ಅಷ್ಟರಲ್ಲಿ ಬಿಳಿ ಮೋಡಗಳೂ ಬಂದು ಸೇರ್ಕೊಂಡ್ವು. ಆ ಕ್ಯಾಮೆರಾದ ಫಿಲ್ಮ್ ಸೈಜು ನಮ್ಮ ಮದುವೆ ಫೋಟೋದವರು ಬಳಸ್ತಿದ್ದ 35 ಎಂಎಂ ರೋಲ್‌ಗಿಂತ ತುಂಬಾ ದೊಡ್ಡದು. ಹಾಕಿದ್ದ ಫಿಲ್ಮು ಫ್ಯೂಜಿಯ ವೆಲ್ವಿಯಾ, ಹಸಿರು, ನೀಲಿನ ಗಾಢವಾಗಿ ಎತ್ತಿ ಕೊಡೋ ಫಿಲ್ಮು ಅಂತ ಪ್ರಕೃತಿ ಫೋಟೋ ತೆಗೆಯೋರೆಲ್ಲಾ ಇಷ್ಟಪಡ್ತಿದ್ರು. ಫೋಟೋಶಾಪಲ್ಲಿ ಮಾಡಿದ್ದು ಅಂತ ಎಷ್ಟೋ ಜನ ಇವತ್ತಿಗೂ ಹೇಳ್ತಾರಲ್ಲ, ಆ ಬಣ್ಣದ ಮೂಲ ಇಲ್ಲಿದೆ. ಮೈಕ್ರೋಸಾಫ್ಟ್ ಅಂಚು ಸ್ವಲ್ಪ ಕತ್ತರಿಸಿ ಹಸಿರನ್ನ ಒಂಚೂರು ಜಾಸ್ತಿ ಮಾಡ್ತು, ಅಷ್ಟೇ. ಗುಡ್ಡ, ಮೋಡ, ಹುಲ್ಲಿನ ಮೇಲೆ ಬಿದ್ದಿರೋ ಮೋಡದ ನೆರಳು ಎಲ್ಲಾ ಅವತ್ತು ಅಲ್ಲಿ ಇದ್ದಿದ್ದೇ.

ಆದ್ರೆ ನನಗೆ ಈ ಕಥೇಲಿ ಎಲ್ಲಕ್ಕಿಂತ ಮುಖ್ಯ ಅನ್ಸೋದು ಬೇರೆ ವಿಷ್ಯ. ನಾಪಾ, ಸೊನೋಮಾ ಅಂದ್ರೆ ವೈನ್ ದ್ರಾಕ್ಷಿಯ ಸೀಮೆ, ರಸ್ತೆ ಎರಡೂ ಕಡೆ ಕಂಬ, ತಂತಿ, ಬಳ್ಳಿ ಸಾಲು. ಅಂಥ ಜಾಗದಲ್ಲಿ ಈ ಒಂದು ಗುಡ್ಡ ಮಾತ್ರ ಬೋಳಾಗಿ ಬರೀ ಹುಲ್ಲು ಹೊದ್ದು ಯಾಕೆ ಮಲಗಿತ್ತು? ಉತ್ತರ ಒಂದು ಹುಳ, ಫಿಲಾಕ್ಸೆರಾ. ನಮ್ಮ ಬೆಳೆಗಳಿಗೆ ಬರೋ ಗಿಡಹೇನಿನ ಜಾತಿಗೆ ಹತ್ತಿರದ್ದು, ಕಣ್ಣಿಗೆ ಕಾಣೋದೇ ಕಷ್ಟ, ದ್ರಾಕ್ಷಿ ಬೇರಲ್ಲಿ ಕೂತು ರಸ ಹೀರುತ್ತೆ, ಬೇರು ಗಂಟುಗಂಟಾಗಿ ಕೊಳೆತು ಬಳ್ಳಿ ನಿಧಾನಕ್ಕೆ ಸಾಯುತ್ತೆ. ಮೂಲದಲ್ಲಿ ಉತ್ತರ ಅಮೆರಿಕದ್ದೇ ಹುಳ, ಅಲ್ಲಿನ ಕಾಡು ದ್ರಾಕ್ಷಿಗೆ ಅದನ್ನ ತಡ್ಕೊಳ್ಳೋ ಶಕ್ತಿ ಇದೆ, ಯುರೋಪಿನ ದ್ರಾಕ್ಷಿಗೆ ಇಲ್ಲ. 1860ರ ದಶಕದಲ್ಲಿ ಇದು ಫ್ರಾನ್ಸ್ ಸೇರಿ ಅಲ್ಲಿನ ತೋಟಗಳನ್ನೆಲ್ಲಾ ಹಾಳು ಮಾಡಿದ್ಮೇಲೆ ಅಮೆರಿಕದ ಬೇರಿನ ಮೇಲೆ ಯುರೋಪಿನ ಬಳ್ಳಿ ಕಸಿ ಕಟ್ಟೋದು ಶುರುವಾಯ್ತು. ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಈ ಕಸಿ ಹೊಸದಲ್ಲ, ಅವರೂ ಡಾಗ್ರಿಡ್ಜ್ ಅನ್ನೋ ಜಾತಿಯ ಬೇರಿನ ಮೇಲೆ ಥಾಮ್ಸನ್ ದ್ರಾಕ್ಷಿ ಕಟ್ತಾರೆ, ನಮ್ಮ ಕಡೆ ಕಾರಣ ನೀರಿನ ಬರ, ಉಪ್ಪು ನೀರು.

ಕ್ಯಾಲಿಫೋರ್ನಿಯಾದವರು ನಂಬಿದ್ದು ಎಎಕ್ಸ್‌ಆರ್1 ಅನ್ನೋ ಬೇರನ್ನ. ಅದು ಚೆನ್ನಾಗಿ ಇಳುವರಿ ಕೊಡ್ತಿತ್ತು, ಡೇವಿಸ್ ವಿಶ್ವವಿದ್ಯಾಲಯದವರೂ ಅದನ್ನೇ ಹಾಕಿ ಅಂತ ಸಲಹೆ ಕೊಡ್ತಿದ್ರು, ಆದ್ರೆ ಅದು ಅರ್ಧ ಯುರೋಪಿನ ದ್ರಾಕ್ಷಿ, ಅರ್ಧ ಅಮೆರಿಕದ್ದು, ಪೂರ್ತಿ ತಡೆಯೋ ಶಕ್ತಿ ಅದಕ್ಕಿರ್ಲಿಲ್ಲ. 1980ರ ದಶಕದಲ್ಲಿ ಆ ಬೇರನ್ನೂ ತಿನ್ನೋ ಹುಳ ನಾಪಾದಲ್ಲಿ ಕಾಣಿಸ್ಕೊಳ್ತು, 90ರ ದಶಕ ಪೂರ್ತಿ ರೈತರು ಸಾವಿರಾರು ಎಕರೆ ಬಳ್ಳಿ ಕಿತ್ತು ಹಾಕಿ ಹೊಸದಾಗಿ ನೆಡೋದ್ರಲ್ಲೇ ಕಳೆದ್ರು. ನಮ್ಮ ಗುಡ್ಡದ ಬಳ್ಳಿನೂ ಈ ಹುಳದಿಂದಾನೇ ಹೋಗಿದ್ದು, ಫೋಟೋ ತೆಗೆಯೋಕೆ ಕೆಲವೇ ವರ್ಷ ಮುಂಚೆ ಕಿತ್ತಿದ್ರು, ಆ ಖಾಲಿ ಜಾಗದಲ್ಲಿ ಹುಲ್ಲು ಬಂತು. ಕಣ್ಣಿಗೆ ಅಷ್ಟು ತಂಪು ಅನ್ಸೋ ಆ ಹಸಿರು ಒಬ್ಬ ರೈತನ ಬೆಳೆ ಹೋದ ಜಾಗ ಅಂತ ತಿಳಿದ ಮೇಲೆ ನನಗೆ ಆ ಫೋಟೋನ ಮೊದಲಿನ ಹಂಗೆ ನೋಡೋಕಾಗಿಲ್ಲ.

ಓ'ರಿಯರ್ ಆ ಫೋಟೋನ ವೆಸ್ಟ್‌ಲೈಟ್ ಅನ್ನೋ ಸ್ಟಾಕ್ ಏಜೆನ್ಸಿಗೆ, ಅಂದ್ರೆ ಫೋಟೋ ಬಳಸೋ ಹಕ್ಕನ್ನ ದುಡ್ಡಿಗೆ ಕೊಡೋ ಕಂಪನಿಗೆ, ಕೊಟ್ಟಿದ್ರು, 1998ರಲ್ಲಿ ಆ ಏಜೆನ್ಸಿನ ಬಿಲ್ ಗೇಟ್ಸ್ ಶುರು ಮಾಡಿದ್ದ ಕಾರ್ಬಿಸ್ ಕೊಂಡ್ಕೊಳ್ತು, 2000ದಲ್ಲಿ ಮೈಕ್ರೋಸಾಫ್ಟ್ ಫೋಟೋದ ಪೂರ್ತಿ ಹಕ್ಕು ಬೇಕು ಅಂತು. ಎಷ್ಟು ದುಡ್ಡು ಅಂತ ಹೇಳಂಗಿಲ್ಲ ಅನ್ನೋ ಕರಾರಿಗೆ ಅವರು ಸಹಿ ಹಾಕಿದ್ದಾರೆ. ಆದ್ರೆ ಬೆಲೆ ಎಷ್ಟು ದೊಡ್ಡದಿತ್ತು ಅಂದ್ರೆ ಕೊರಿಯರ್‌ನವರು ಮೂಲ ಫಿಲ್ಮ್ ಸಾಗಿಸೋ ಜವಾಬ್ದಾರಿ ನಮಗೆ ಬೇಡ ಅಂದ್ರು, ಕೊನೆಗೆ ಕಂಪನಿನೇ ವಿಮಾನದ ಟಿಕೆಟ್ ಕೊಟ್ಟು ಅವರ ಕೈಯಲ್ಲೇ ತರಿಸ್ಕೊಳ್ತು. ಹೆಸರು ಬ್ಲಿಸ್ ಅಂತಾಯ್ತು. 2001ರ ಅಕ್ಟೋಬರ್ 25ಕ್ಕೆ ಎಕ್ಸ್‌ಪಿ ಬಂತು. ಆಮೇಲೆ ಮೈಕ್ರೋಸಾಫ್ಟ್ ಇಂಜಿನಿಯರ್‌ಗಳೇ ಅವರಿಗೆ ಬರೆದು ಕೇಳಿದ್ರಂತೆ, ನಮ್ಮಲ್ಲಿ ಹೆಚ್ಚಿನವರು ಇದು ಫೋಟೋಶಾಪ್ ಅಂತಾರೆ, ಕೆಲವರು ವಾಷಿಂಗ್ಟನ್ ರಾಜ್ಯದ ಪಲೂಸ್ ಸೀಮೆ ಅಂತಾರೆ, ಯಾರದ್ದು ಸರಿ ಅಂತ. ಯಾರದ್ದೂ ಸರಿ ಇಲ್ಲ, ನಮ್ಮ ಮನೆ ಹತ್ರದ ನಿಜವಾದ ಗುಡ್ಡ ಅಂತ ಅವರು ಉತ್ತರ ಕೊಟ್ರು.

ಜಾಗ ಗೊತ್ತಾದ ಮೇಲೂ ಹುಡುಕ್ಕೊಂಡು ಹೋದವರಿಗೆ ಅದು ಸಿಕ್ಕಂಗೆ ಅನ್ಸಲ್ಲ. 2006ರ ನವೆಂಬರ್‌ನಲ್ಲಿ ಗೋಲ್ಡಿನ್, ಸೆನ್ನೆಬಿ ಅನ್ನೋ ಸ್ವೀಡನ್‌ನ ಇಬ್ಬರು ಕಲಾವಿದರು ಅಲ್ಲಿಗೆ ಹೋಗಿ ಅದೇ ಜಾಗದ ಫೋಟೋ ತೆಗೆದ್ರು, ಗುಡ್ಡದ ತುಂಬಾ ಮತ್ತೆ ದ್ರಾಕ್ಷಿ ಸಾಲು. ಹುಲ್ಲಿನ ಗುಡ್ಡ ಇದ್ದಿದ್ದು ಹಳೇ ಬಳ್ಳಿ ಕಿತ್ತು ಹೊಸದು ನೆಡೋವರೆಗಿನ ಕೆಲವು ವರ್ಷ ಮಾತ್ರ, ಆ ಸಮಯದಲ್ಲೇ ಓ'ರಿಯರ್ ಆ ದಾರೀಲಿ ಹೋಗಿದ್ರು.

ಇನ್ನೊಂದು ಗೊಂದಲ ನಮ್ಮಂಥವರಿಗೆ. ಹಸಿರು ಗುಡ್ಡ, ಬಿಳಿ ಮೋಡ ನೋಡಿದ ತಕ್ಷಣ ನಮಗೆ ಆಗಸ್ಟ್, ಸೆಪ್ಟೆಂಬರ್ ನೆನಪಾಗುತ್ತೆ, ಜನವರಿಗೆ ನಮ್ಮ ಮಲೆನಾಡಿನ ಹುಲ್ಲು ಒಣಗೋಕೆ ಶುರುವಾಗಿರುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಉಲ್ಟಾ, ಮಳೆ ಬರೋದು ಚಳಿಗಾಲದಲ್ಲಿ, ಬೇಸಿಗೆಗೆ ಗುಡ್ಡಗಳೆಲ್ಲಾ ಒಣ ಹುಲ್ಲಿನ ಬಣ್ಣ. ಹಂಗಾಗಿ ಜುಲೈಯಲ್ಲಿ ಆ ಕಡೆ ಟ್ರಿಪ್ ಹೋಗೋ ನಮ್ಮವರು ಮ್ಯಾಪ್ ಹಿಡ್ಕೊಂಡು ಅಲ್ಲೇ ನಿಂತ್ರೂ ಗುರುತು ಸಿಗೋದು ಕಷ್ಟ. ಜನವರಿ, ಫೆಬ್ರವರಿಯಲ್ಲಿ, ಒಂದು ಮಳೆ ಬಂದು ಹೋದ ಮಾರನೇ ದಿನ ಹೋಗಿ. ತೋಟ ಖಾಸಗಿ ಆಸ್ತಿ, ಬೇಲಿ ದಾಟಬೇಡಿ, ರಸ್ತೆಯಿಂದಲೇ ನೋಡಿ. ಆ ತಿಂಗಳಲ್ಲಿ ದ್ರಾಕ್ಷಿ ಬಳ್ಳಿಗೆ ಎಲೆ ಇರಲ್ಲ, ಗುಡ್ಡದ ಏರು ತಗ್ಗು ಚೆನ್ನಾಗಿ ಕಾಣುತ್ತೆ.